ಕಸ್ತೂರವ್ವನ ಕುತ್ತಿಗೆ, ನಿಂಗರಾಜನ ದಾರ

ತಾಲ್ಲೂಕು ಕಚೇರಿ ಎದುರು ಒಂದು ಟೈಪಿಂಗ್ ಅಂಗಡಿ. ಅಂಗಡಿ ಕಸ್ತೂರವ್ವನದು. ಆಕೆಗೆ ಒಬ್ಬನೇ ಮಗ, ನಿಂಗರಾಜ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಬಿಡುತ್ತಿರಲಿಲ್ಲ, ಹೇಳದ್ದನ್ನು ಮಾಡುತ್ತಿರಲಿಲ್ಲ.

ದಿನವಿಡೀ ತಲೆ ಬಗ್ಗಿಸಿ ಅರ್ಜಿ ಟೈಪ್ ಮಾಡಿ ಕಸ್ತೂರವ್ವನ ಕುತ್ತಿಗೆ ಹಿಡಿದುಕೊಂಡಿತು. ಡಾಕ್ಟರು, "ಮಾನಿಟರ್ ಕಣ್ಣಿನ ಎತ್ತರಕ್ಕೆ ಬರಬೇಕು, ಇಲ್ಲಾ ಈ ಕೆಲಸ ಬಿಡಬೇಕು" ಅಂದರು. ಸುದ್ದಿ ಕೇಳಿದ್ದೇ ತಡ, ಗಂಡನ ಅಣ್ಣ ಬಸೆಟೆಪ್ಪ ಹಾಜರಾದ.

"ಬಿಟ್ಟುಬಿಡು ತಂಗಿ. ಈ ಜಾಗದಾಗ ನಾ ಸೋಡಾ ಅಂಗಡಿ ಇಡ್ತೀನಿ. ಸೋಮವಾರ ಬಂದು ಸಾಮಾನು ತೆಗಸ್ತೀನಿ."

"ಕುತ್ತಿಗೆ ನಂದು, ಅಂಗಡಿ ನಂದು. ಸೋಮವಾರ ಬರ್ರಿ ಭಾವ, ಚಹಾ ಕುಡದು ಹೋಗ್ರಿ."

ಮೇಜಿನ ಅಂಚಿಗೆ ಬಿಗಿದರೆ ಮಾನಿಟರ್ ಎತ್ತಿ ಹಿಡಿಯುವ ಕಬ್ಬಿಣದ ತೋಳು ಸಿಗುತ್ತದೆ, ತಾ ಅಂತ ಮಗನನ್ನು ಕಳಿಸಿದಳು. ಪೇಟೆ ಅಂಗಡಿಯವನು ಕೇಳಿದ: "ಮೇಜಿನ ಹಲಗೆ ಎಷ್ಟು ದಪ್ಪ? ಮಾನಿಟರ್ ಎಷ್ಟು ಭಾರ?" ನಿಂಗರಾಜ ಬರಿಗೈಯಲ್ಲಿ ಬಂದ.

"ಮೇಜು ಎಂಥಾದ್ದು, ಮಾನಿಟರ್ ಎಂಥಾದ್ದು ಅಂತ ಅವರಿಗೆ ಗೊತ್ತಾಗಬೇಕೋ ದಡ್ಡ. ಗೊತ್ತು ಮಾಡಿಸಿ ತಾ."

ಮರುದಿನ ನಿಂಗರಾಜ ಮೇಜಿಗೆ ಮಾನಿಟರ್ ಕಟ್ಟಿ, ಮೇಜನ್ನು ತಲೆ ಮೇಲೆ ಹೊತ್ತು ಪೇಟೆಗೆ ನಡೆದ. ಸರಿಯಾದ ತೋಳೇ ತಂದ. ಆದರೆ ಅಷ್ಟು ಹೊತ್ತೂ ಕಸ್ತೂರವ್ವ ಗಿರಾಕಿಗಳ ಮುಂದೆ ಬರೀ ಕುರ್ಚಿ ಮೇಲೆ ಕೂತಿದ್ದಳು.

"ಒಂದು ದಾರದಾಗ ಅಳದು, ದಾರ ಒಯ್ದಿದ್ರ ಸಾಲತಿರಲಿಲ್ಲೇನೋ? ಇನ್ನ ಏನ ಮಾಡಿದ್ರೂ ದಾರ ಹಿಡದು ಅಳದು ಮಾಡು."

ಹೌದಲ್ಲ ಅಂತ ನಿಂಗರಾಜ ದಾರ ಹಿಡಿದ. ಅವ್ವ ಹಿತ್ತಿಲಲ್ಲಿ ನಿಂತು ಬಟ್ಟೆ ಒಣಹಾಕುತ್ತಿದ್ದಳು. ನೆಲದಿಂದ ಅವಳ ಕಣ್ಣಿನ ತನಕ ಅಳೆದ, ಅಷ್ಟೇ ಎತ್ತರಕ್ಕೆ ಮಾನಿಟರ್ ಏರಿಸಿದ. ಕಸ್ತೂರವ್ವ ಬಂದು ಕೂತರೆ ಮಾನಿಟರ್ ಗೋಡೆ ಗಡಿಯಾರದ ಪಕ್ಕದಲ್ಲಿತ್ತು.

"ನಾ ನಿಂತು ಟೈಪ್ ಮಾಡ್ತೀನೇನೋ? ಕೂತಾಗ ಅಳಿ."

ಸಂಜೆ ಅವ್ವ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಿಂಗರಾಜ ಮತ್ತೆ ದಾರ ಹಿಡಿದ. ಬೆಳಿಗ್ಗೆ ನೋಡಿದರೆ ತೋಳು ತಲೆಕೆಳಗಾಗಿ, ಮಾನಿಟರ್ ಮೇಜಿನ ಕೆಳಗೆ ಬಾವಲಿ ಹಾಗೆ ಜೋತಾಡುತ್ತಿತ್ತು.

"ಕೂತಾಗ ಅಳದೀನಿ ಯವ್ವ. ನೀನ ಹೇಳಿದ್ದಿ."

"ಹೇಳಿದ್ದೆ ಮಾರಾಯ, ತಪ್ಪು ನಂದ. ನೋಡು, ಕುರ್ಚಿ ಮ್ಯಾಲೆ ಕೂತೀನಿ. ಈಗ ಅಳಿ. ಹಲಗೆ ಗೀರಬಾರದು, ನಡುವ ಹಳೇ ಬಟ್ಟೆ ಕೊಟ್ಟು ಬಿಗಿ. ಬಿಗಿದ ಮ್ಯಾಲೆ ಆ ಸ್ಕ್ರೂ ತಿರುಗಿಸೋ ಕೀಲಿ ಯಾರ ಕೈಗೂ ಸಿಗದ ಕಡೆ ಇಡು. ನಿನ್ನ ಕೈಗೂ ಸಿಗಬಾರದು, ತಿಳೀತೇನು?"

ಅವತ್ತು ಸೋಮವಾರ. ಬಸೆಟೆಪ್ಪ ಬಂದು ಮೇಜಿಗೆ ಒತ್ತಿಕೊಂಡೇ ಕೂತ, ಉಪದೇಶ ಶುರುಮಾಡಿದ.

"ಹೊಸ ಹೊಸ ಸಾಮಾನು ಯಾಕ ಬೇಕು ತಂಗಿ? ಈ ಧೋತರ ನೋಡು, ನನ್ನ ಮದುವೀದು. ಇಪ್ಪತ್ತೆಂಟು ವರ್ಷ ಆತು."

ಅಳತೆ ಮುಗಿಸಿ, ತೋಳು ಬಿಗಿಯಲು ಮೇಜಿನ ಕೆಳಗೆ ಕೂತಿದ್ದ ನಿಂಗರಾಜನ ಕಿವಿ ನೆಟ್ಟಗಾಯಿತು. ಇಡೀ ಅಂಗಡಿಯಲ್ಲಿ ಇದಕ್ಕಿಂತ ಹಳೇ ಬಟ್ಟೆ ಎಲ್ಲಿದೆ? ಧೋತರದ ಚುಂಗು ಎಳೆದು ಹಲಗೆಗೂ ಕಬ್ಬಿಣಕ್ಕೂ ನಡುವೆ ಕೊಟ್ಟ. ಗಿರ್ರನೆ ಬಿಗಿದ. ಕೀಲಿ ಹಿಡಿದು ಹೊರಗೆ ಹೋಗಿ ಬಂದ.

ಮಾನಿಟರ್ ಕಸ್ತೂರವ್ವನ ಕಣ್ಣಿಗೆ ನೇರ ಬಂದಿತ್ತು. ಕುತ್ತಿಗೆ ನೆಟ್ಟಗೆ ಇಟ್ಟು ಅವಳು ಮೊದಲ ಅರ್ಜಿ ಶುರುಮಾಡಿದಳು.

"ಸಾಕು ಏಳು, ಸಾಮಾನು ತೆಗಸೂಣು" ಅಂತ ಬಸೆಟೆಪ್ಪ ಎದ್ದ. ಅರ್ಧ ಎದ್ದ. ಧೋತರ ಏಳಲಿಲ್ಲ. ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಕೂತ.

"ತಂಗಿ, ಇವನಿಗೆ ಬಿಚ್ಚಂತ ಹೇಳು."

"ಹೇಳ್ತೀನಿ ಭಾವ. ಅಂಗಡಿ ತಂಟೆಗೆ ಬರೂದಿಲ್ಲ ಅಂತ ಮೊದಲು ನೀವು ಹೇಳ್ರಿ."

ಸಾಲಿನಲ್ಲಿ ನಿಂತ ಗಿರಾಕಿಗಳೆಲ್ಲ ನೋಡುತ್ತಿದ್ದರು.

"ಬರೂದಿಲ್ಲ. ನನ್ನಾಣೆ ಬರೂದಿಲ್ಲ."

"ಬಿಚ್ಚು ನಿಂಗರಾಜ. ಕೀಲಿ ಎಲ್ಲೈತಿ?"

"ಟಪಾಲು ಡಬ್ಬಿಗೆ ಹಾಕೀನಿ. ಯಾರ ಕೈಗೂ ಸಿಗಬಾರದು ಅಂತ ನೀನ ಅಂದಿದ್ದಿ."

"ಬರೀ ಕೀಲಿ ಹಾಕಿದಿಯಾ?"

"ಅಷ್ಟು ದಡ್ಡ ಅಲ್ಲ ಯವ್ವ. ಲಕೋಟೆಗೆ ಹಾಕಿ, ಟಪಾಲು ಚೀಟಿ ಹಚ್ಚಿ, ದೊಡ್ಡಪ್ಪನ ಊರಿನ ವಿಳಾಸ ಬರದೀನಿ. ದೊಡ್ಡಪ್ಪ ಇಲ್ಲೇ ಕೂತಾನಲ್ಲ, ಅವನ ಕೈಗೂ ಸಿಗೂದಿಲ್ಲ."

ಕಸ್ತೂರವ್ವ ಕುತ್ತಿಗೆ ಅಲ್ಲಾಡಿಸಲಿಲ್ಲ. ಟೈಪ್ ಮಾಡುತ್ತಲೇ ಕೇಳಿದಳು:

"ಭಾವ, ಚಹಾಕ್ಕ ಸಕ್ಕರಿ ಎಷ್ಟು ಹಾಕ್ಲಿ?"