ಬಡಗಿಯ ಮನೆಯ ಹೆಪ್ಪು

"ಗುರುಗಳೇ, ಬಂದು ಹೋದವರನ್ನು 'ಬಾ' ಎಂದು ಕರೆಯುವುದು ಹೇಗೆ?" ಎಂದು ಇನ್ನಾಸಿ ಕೇಳಿದ.

ಆಶ್ರಮದಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಎಲ್ಲರೂ ಎದ್ದು ಹೋದರೂ ಅವನೊಬ್ಬ ಗುರುಗಳ ಮುಂದೆ ಕುಳಿತೇ ಇದ್ದ.

"ಯೇಸುಸ್ವಾಮಿ ಹುಟ್ಟಿ ಎಷ್ಟೋ ಕಾಲವಾಯಿತು. ಆದರೂ ಕ್ರಿಸ್ಮಸ್ ಹತ್ತಿರ ಬಂದಾಗಲೆಲ್ಲ 'ರಕ್ಷಕನೇ ಬಾ' ಎಂದು ಹಾಡುತ್ತೇವೆ. ಬಂದವರಿಗಾಗಿ ಕಾಯುವುದು ನಾಟಕವಲ್ಲವೇ? ಮತ್ತೊಮ್ಮೆ ಬರುತ್ತಾರೆ ಎನ್ನುತ್ತೀರಿ. ನನ್ನ ಅಜ್ಜ ಹಾಗೆಂದೇ ಕಾದರು, ಅವರ ಅಜ್ಜನೂ ಕಾದರು. ನನಗೂ ಕಾಯಬೇಕೆಂಬ ಆಸೆ ಬಹಳವಿದೆ. ಆದರೆ ಬಾಯಿ ಹಾಡುತ್ತದೆ, ಮನಸ್ಸು ಕಾಯುವುದಿಲ್ಲ. ನಾನೇನು ಮಾಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಒಂದು ಹಸು. ಒಂದು ದಿನ ಅವನು ದೂರದ ನಾಡಿಗೆ ಹೊರಟ. ಅಲ್ಲೊಂದು ಮನೆ ಕಟ್ಟುತ್ತೇನೆ, ಕಟ್ಟಿ ಮುಗಿದೊಡನೆ ಬಂದು ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ಯಾವಾಗ ಎಂದು ಹೇಳಲಿಲ್ಲ. ಪ್ರಯಾಣ ಹೊರಡುವವರು ಮೊಸರನ್ನ ಉಂಡು ಹೊರಡುವುದು ಆ ಕಡೆಯ ವಾಡಿಕೆ. ಹೆಂಡತಿ ಬಡಿಸಿದಳು, ಅವನು ಉಂಡ, ಹೋದ. ಗಡಿಗೆಯ ತಳದಲ್ಲಿ ಒಂದು ಸೌಟು ಮೊಸರು ಉಳಿದಿತ್ತು.

ಸಂಜೆ ಅವಳು ಹಾಲು ಕಾಯಿಸಿ ಆರಿಸಿ ಆ ಮೊಸರನ್ನೇ ಹೆಪ್ಪು ಹಾಕಿದಳು. ಬೆಳಿಗ್ಗೆ ಗಟ್ಟಿ ಮೊಸರಾಗಿತ್ತು. ಅದರಲ್ಲಿ ಒಂದಿಷ್ಟು ಉಳಿಸಿಕೊಂಡು ಮತ್ತೆ ಹೊಸ ಹಾಲಿಗೆ ಹಾಕಿದಳು. ಎಲ್ಲ ಮನೆಗಳಲ್ಲೂ ಮಾಡುವುದು ಇದನ್ನೇ, ದೊಡ್ಡ ವಿಷಯವೇನಲ್ಲ. ಆದರೆ ಅವಳ ಮನಸ್ಸಿನಲ್ಲಿ ಒಂದು ಹಟ ಕುಳಿತುಬಿಟ್ಟಿತು. ಗಂಡ ಉಂಡು ಹೋದ ಮೊಸರಿನ ಹೆಪ್ಪು ಅವನು ಬರುವವರೆಗೂ ತಪ್ಪಬಾರದು. ಅವನು ಬಂದ ದಿನ ಅವನ ಎಲೆಗೆ ಅದೇ ಹೆಪ್ಪಿನ ಮೊಸರು ಬೀಳಬೇಕು.

ವರ್ಷಗಳು ಕಳೆದವು. ಬಡಗಿ ಅಲ್ಲೇ ಬೇರೆ ಸಂಸಾರ ಹೂಡಿದ್ದಾನೆ ಎಂದು ಕೆಲವರು ಆಡಿಕೊಂಡರು. ಸತ್ತೇ ಹೋಗಿರಬೇಕು ಎಂದರು ಇನ್ನು ಕೆಲವರು. ಅವಳು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಯಾರೇ ಬರಲಿ, ಮೊದಲು ಅವರಲ್ಲಿ ಗಂಡನ ನಡಿಗೆಯನ್ನು ಹುಡುಕುತ್ತಿದ್ದಳು. ಅದು ಅವನ ನಡಿಗೆಯಲ್ಲ ಎಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದಳು.

ಅತ್ತೆಯ ಬಾಯಿ ಸುಮ್ಮನಿರುವ ಬಾಯಲ್ಲ. ಒಂದು ದಿನ ಅವಳು, "ಅವನು ಉಂಡ ಮೊಸರು ಎಂದೋ ಮುಗಿದು ಹೋಯ್ತು ಕಣೇ. ನಿನ್ನ ಗಡಿಗೆಯಲ್ಲಿರೋದು ನಿನ್ನೆ ಕರೆದ ಹಾಲು, ಅಷ್ಟೇ" ಎಂದಳು.

"ನಿನ್ನೆ ಕರೆದ ಹಾಲು ತಾನಾಗೇ ಮೊಸರಾಯ್ತಾ ಅತ್ತೆ?" ಎಂದಳು ಸೊಸೆ.

ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅವಳು ಮಗನ ಆಸೆ ಬಿಟ್ಟು ಬಹಳ ಕಾಲವಾಯಿತು ಎಂದು ಸೊಸೆ ತಿಳಿದಳು.

ಸೊಸೆಯಲ್ಲೂ ಒಂದು ಕೊರತೆಯಿತ್ತು. ಆ ಹೆಪ್ಪನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಅದು ನನ್ನದು, ಹೊರಗೆ ಹೋದರೆ ಕೆಟ್ಟೀತು ಎಂಬ ಭಯ. ಕೇಳಿ ಕೇಳಿ ಸಾಕಾಗಿ ನೆರೆಹೊರೆಯವರು ಅವಳ ಬಾಗಿಲಿಗೆ ಬರುವುದನ್ನೇ ಬಿಟ್ಟರು. ಆದರೂ ಒಂದು ಸಂಜೆ ಕುಂಬಾರನ ಹೆಂಡತಿ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಳು. ಅವಳ ಮಗಳು ಜ್ವರ ಬಿಟ್ಟು ಎದ್ದಿದ್ದಳು. ಮೊಸರನ್ನವಲ್ಲದೆ ಬೇರೇನೂ ಬೇಡ ಎನ್ನುತ್ತಿದ್ದಳು. ಆಗಲೇ ಮನೆಗಳಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ. ಇಲ್ಲವೆನ್ನಲು ಒಳ್ಳೆಯ ನೆಪವೇ ಸಿಕ್ಕಿತ್ತು. ಆದರೆ ಆ ತಾಯಿಯ ಮುಖ ನೋಡಿ ಮನಸ್ಸು ತಡೆಯಲಿಲ್ಲ. ಕೊಟ್ಟಳು. ಕೊಟ್ಟ ಮೇಲೆ, ಗಂಡನನ್ನೇ ಅರ್ಧ ಕೊಟ್ಟುಬಿಟ್ಟಂತೆ ಸಂಕಟಪಟ್ಟಳು. ಮುಂದೆ ಕುಂಬಾರರು ಒಳ್ಳೆಯ ಮಣ್ಣು ಹುಡುಕಿಕೊಂಡು ಹೊಳೆಯಾಚೆಯ ಊರಿಗೆ ಹೋಗಿ ನೆಲೆಸಿದರು. ಹೆಪ್ಪು ಕೊಟ್ಟದ್ದನ್ನು ಸೊಸೆಯೂ ಮರೆತಳು.

ಆಮೇಲೊಂದು ವರ್ಷ ಊರಿನ ದನಗಳಿಗೆ ಕಾಲುಬಾಯಿ ಜ್ವರ ಬಂತು. ಯಾರ ಮನೆಯಲ್ಲೂ ತೊಟ್ಟು ಹಾಲಿಲ್ಲ. ಉಳಿಸಿದ್ದ ಮೊಸರು ಮೊದಲು ಹುಳಿಯಾಯಿತು, ಆಮೇಲೆ ಬೂಷ್ಟು ಹಿಡಿಯಿತು. ಅವಳು ಗಡಿಗೆಯನ್ನು ಹಿತ್ತಲಿಗೆ ಒಯ್ದು ತೊಳೆದು ಕವುಚಿಟ್ಟಳು. ಗಂಡ ಹೋದ ದಿನ ಅವಳು ಅತ್ತಿರಲಿಲ್ಲ. ಅಂದು ಅತ್ತಳು. ಅವನು ಇನ್ನು ಬರುವುದಿಲ್ಲ ಎಂದು ಮೊದಲ ಸಲ ಅವಳಿಗೆ ಅನ್ನಿಸಿತು.

ಹಸು ಹೇಗೋ ಬದುಕಿತು. ಮೆಲ್ಲಗೆ ಮೇವು ಮುಟ್ಟಿತು. ಒಂದು ಬೆಳಿಗ್ಗೆ ಅರ್ಧ ಚೊಂಬು ಹಾಲು ಕೊಟ್ಟಿತು. ಅವಳು ಅದನ್ನು ಕಾಯಿಸಿ ಮುಂದಿಟ್ಟುಕೊಂಡು ಕುಳಿತಳು. ಮೆಣಸಿನಕಾಯಿ ತೊಟ್ಟು ಹಾಕು, ಹೆಪ್ಪುಗಟ್ಟುತ್ತದೆ ಎಂದು ಪಕ್ಕದ ಮನೆಯವಳು ಹೇಳಿಹೋದಳು. ಹೆಪ್ಪುಗಟ್ಟುತ್ತದೆ, ಅದು ಅವಳಿಗೂ ಗೊತ್ತು. ಆದರೆ ಆ ಮೊಸರಿಗೂ ಹೋದವನಿಗೂ ಏನು ಸಂಬಂಧ? ಅವಳ ಕೈ ಏಳಲಿಲ್ಲ.

ಬೆಳಿಗ್ಗೆಯಿಂದ ಅತ್ತೆ ಮನೆಯಲ್ಲಿರಲಿಲ್ಲ. ಎಲ್ಲಿಗೆ ಹೋದಳೆಂದು ಕೇಳುವ ಮನಸ್ಸೂ ಸೊಸೆಗಿರಲಿಲ್ಲ. ಹೊತ್ತು ಮುಳುಗುವಾಗ ಮುದುಕಿ ಬಂದಳು. ಸೀರೆ ಮೊಣಕಾಲವರೆಗೆ ಒದ್ದೆ. ಸೆರಗಿನಡಿಯಿಂದ ಒಂದು ಕುಡಿಕೆ ತೆಗೆದು ಸೊಸೆಯ ಮುಂದಿಟ್ಟಳು. ಅದರಲ್ಲಿ ಮೊಸರಿತ್ತು.

"ಕುಂಬಾರರ ಮನೆಯದು. ನೀನು ಕೊಟ್ಟಿದ್ದನ್ನು ಅವಳು ತಪ್ಪಿಸಿಲ್ಲ. ಹೊಳೆಯಾಚೆ ಮನೆಮನೆಯಲ್ಲೂ ಈಗ ಇದೇ ಹೆಪ್ಪಂತೆ" ಎಂದಳು.

ಸೊಸೆ ಅತ್ತೆಯ ಮುಖವನ್ನೇ ನೋಡಿದಳು.

"ಹಾಗೇನು ನೋಡ್ತೀಯೇ? ಅವನು ನನಗೂ ಮಗ" ಎಂದಳು ಅತ್ತೆ.

ಅಂದಿನಿಂದ ಆ ಮನೆಯಲ್ಲಿ ಕೇಳಿದವರಿಗೆಲ್ಲ ಹೆಪ್ಪು ಸಿಕ್ಕಿತು, ದೀಪ ಹಚ್ಚಿದ ಮೇಲೂ ಸಿಕ್ಕಿತು. ಮದುವೆಯಾಗಿ ಹೊರಟ ಹೆಣ್ಣುಮಕ್ಕಳು ಗಂಡನ ಮನೆಗೆ ಒಯ್ದರು. ವಲಸೆ ಹೊರಟವರು ಕುಡಿಕೆಯಲ್ಲಿ ಕಟ್ಟಿಕೊಂಡು ಹೋದರು. ಇಷ್ಟು ಜೋಪಾನ ಯಾಕೆ ಎಂದು ಹೊಸಬರು ಕೇಳಿದರೆ, ಒಬ್ಬರು ಬರಬೇಕಾಗಿದೆ, ಅವರ ಊಟಕ್ಕೆ ಎನ್ನುತ್ತಿದ್ದರು. ಅತ್ತೆ ಕಣ್ಣು ಮುಚ್ಚಿದಳು. ಸೊಸೆಯೂ ಮುದುಕಿಯಾಗಿ, ದಾರಿಯ ಕಡೆಗೇ ಮುಖ ಮಾಡಿ ಮಲಗಿ, ಕಣ್ಣು ಮುಚ್ಚಿದಳು. ಆ ದಿನವೂ ಯಾರೋ ಒಬ್ಬರು ಹಾಲಿಗೆ ಹೆಪ್ಪು ಹಾಕಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇನ್ನಾಸಿ ಕಾದ.

"ಬಡಗಿ ಬಂದನೇ ಗುರುಗಳೇ?"

"ನಮ್ಮ ಅಡುಗೆಮನೆಯಲ್ಲಿರುವುದೂ ಅದೇ ಹೆಪ್ಪು ಇನ್ನಾಸಿ, ಇವತ್ತು ಹಾಲಿಗೆ ಹಾಕುವ ಸರದಿ ನಿನ್ನದು."