ಜ್ವರ ಬಂದ ಗೋಡೆ

ಮಠದಲ್ಲಿ ಮಂಗಳವಾರ ಬೆಳಿಗ್ಗೆ ಗಂಭೀರ ಘಟನೆಯೊಂದು ನಡೆಯಿತು. ಧ್ಯಾನಕ್ಕೆ ಕುಳಿತಿದ್ದ ಶಿಷ್ಯ ಚನ್ನಮಲ್ಲ ಮೂಗು ಕೆರೆದುಕೊಂಡ. ಇದು ಮೊದಲ ಸಲವೂ ಆಗಿರಲಿಲ್ಲ. ಧ್ಯಾನ ಮುಗಿದ ಮೇಲೆ ಅವನೇ ಹೋಗಿ ಗುರುಗಳ ಮುಂದೆ ಕೈಮುಗಿದು ನಿಂತ.

"ಬುದ್ಧಿ, ದಿನಾ ಕೂರುತ್ತೇನೆ. ದಿನಾ ಮನಸ್ಸು ಅಲುಗುತ್ತದೆ. ನಾಳೆಯಿಂದ ಕೂರುವುದನ್ನೇ ಬಿಟ್ಟುಬಿಡಲೇ?"

ಗುರುಗಳು ಹೇಳಿದರು:

ಒಬ್ಬ ಚಿತ್ರಕಾರನಿದ್ದ. ಪತ್ರಿಕೆಗೆ ದಿನವೂ ನಾಲ್ಕು ಚೌಕದ ಚಿತ್ರಕತೆ ಬರೆಯುತ್ತಿದ್ದ. ಅದರಲ್ಲೊಂದು ನಾಯಿ. ನಾಲ್ಕನೆಯ ಚೌಕದಲ್ಲಿ ಅದು ಗೋಡೆಯ ಮೇಲೆ ಹಾರಲು ಮೈ ಕುಗ್ಗಿಸಿ ನಿಂತಿರುತ್ತಿತ್ತು. ಹಾರುತ್ತಿರಲಿಲ್ಲ; ಅಷ್ಟರಲ್ಲಿ ಜಾಗ ಮುಗಿದಿರುತ್ತಿತ್ತು. ಓದುಗರು ನಕ್ಕು ಪತ್ರಿಕೆ ಮಡಚುತ್ತಿದ್ದರು. ಚಿತ್ರಕಾರನಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ನಾಯಿಯನ್ನು ಹಾರಿಸಲೇಬೇಕೆಂದು ಹೊರಟ. ಬರೆದ ಚಿತ್ರ ಚಲಿಸುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ನಾಯಿ ಕೂದಲೆಳೆಯಷ್ಟು ಮೇಲೇಳಲು ಒಂದು ಹಾಳೆ, ಇನ್ನೊಂದು ಕೂದಲೆಳೆಗೆ ಇನ್ನೊಂದು ಹಾಳೆ. ಪ್ರತಿ ಹಾಳೆಯಲ್ಲೂ ಗೋಡೆಯನ್ನೂ ಹೊಸದಾಗಿ ಬರೆದ. ಬೇರೆ ದಾರಿ ಅವನಿಗೆ ಹೊಳೆಯಲಿಲ್ಲ. ಹಾಳೆಗಳ ಕಟ್ಟು ಅಟ್ಟ ಮುಟ್ಟಿತು. ಪತ್ರಿಕೆಯ ಯಜಮಾನ, "ಒಮ್ಮೆ ತೋರಿಸು. ಜನ ಒಪ್ಪದಿದ್ದರೆ ಇದನ್ನು ಬಿಟ್ಟು ನಾಲ್ಕು ಚೌಕಕ್ಕೆ ಮರಳು" ಎಂದ.

ಹಾಳೆಗಳ ಫೋಟೋ ತೆಗೆದು ಪರದೆಯ ಮೇಲೆ ಓಡಿಸಿದರು. ನಾಯಿ ಹಾರಿ ಗೋಡೆಯ ಮೇಲೆ ನಿಂತಿತು. ಆದರೆ ಕೈಯಲ್ಲಿ ಎಳೆದ ಎರಡು ಗೆರೆ ಒಂದೇ ಕಡೆ ಬೀಳುವುದಿಲ್ಲ. ಗೋಡೆ ಉದ್ದಕ್ಕೂ ನಡುಗುತ್ತಿತ್ತು. ಮುಂದಿನ ಸಾಲಿನಿಂದ ಒಬ್ಬ ಜವಳಿ ವ್ಯಾಪಾರಿ ಕೂಗಿದ: "ರಾಯರೇ, ನಿಮ್ಮ ಗೋಡೆಗೆ ಚಳಿಜ್ವರ ಕಣ್ರೀ! ಕಂಬಳಿ ಹೊದಿಸಿ!" ಎಲ್ಲರೂ ನಕ್ಕರು.

ಯಜಮಾನನಿಗೆ ಅವಮಾನವಾಯಿತು. ಹಾಳೆಗಳಿಂದ ನಾಯಿಯನ್ನಷ್ಟೇ ಕತ್ತರಿಸಿ ತೆಗೆಸಿದ. ಒಂದೇ ಒಂದು ಗೋಡೆ ಬರೆಸಿ, ಅದರ ಮೇಲೆ ನಾಯಿಗಳನ್ನು ಒಂದೊಂದಾಗಿ ಇಟ್ಟು ಮತ್ತೆ ಫೋಟೋ ತೆಗೆಸಿದ. ಗೋಡೆ ಕದಲಲಿಲ್ಲ. ಎರಡನೆಯ ಪ್ರದರ್ಶನಕ್ಕೆ ಆ ವ್ಯಾಪಾರಿ ಸಂಸಾರ ಸಮೇತ ಬಂದ. ನಾಯಿ ಹಾರಿತು. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ವ್ಯಾಪಾರಿ ಎದ್ದು ಚಿತ್ರಕಾರನ ಹತ್ತಿರ ಬಂದ.

"ಯಾಕ್ರೀ, ಗೋಡೆಗೆ ಜ್ವರ ಬಿಟ್ಟುಹೋಯ್ತಾ? ಅವತ್ತು ನಾಯಿ ಎಲ್ಲಿ ಬೀಳುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ನೋಡಿದ್ದೆ. ಮನೆಯವರನ್ನೆಲ್ಲ ಕರ್ಕೊಂಡು ಬಂದಿದ್ದೇ ಅದಕ್ಕೆ!"

ಚಿತ್ರಕಾರ ಯಜಮಾನನ ಕಡೆ ತಿರುಗಿಯೂ ನೋಡಲಿಲ್ಲ. ಮನೆಗೆ ಹೋಗಿ ಹೊಸ ಹಾಳೆ ತೆಗೆದ. ನಾಯಿ ಇನ್ನೂ ಗೋಡೆಯ ಮೇಲೆಯೇ ಇತ್ತು, ಅದನ್ನು ಕೆಳಗಿಳಿಸಬೇಕಿತ್ತು. ಹಾಳೆ ಹಾಳೆಗೂ ಗೋಡೆಯನ್ನು ಮತ್ತೆ ಹೊಸದಾಗಿ ಬರೆಯತೊಡಗಿದ. ಪತ್ರಿಕೆಯ ಕೆಲಸ ಹೋಯಿತು.

ಚನ್ನಮಲ್ಲನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಗೋಡೆ ಕೊನೆಗೂ ನಿಲ್ಲಲೇ ಇಲ್ಲವೇ, ಬುದ್ಧಿ?"

"ಯಜಮಾನನ ಗೋಡೆ ನಿಂತಿತಲ್ಲ, ಅದನ್ನು ಯಾರೂ ಮತ್ತೆ ಬರೆಯಲಿಲ್ಲ" ಎಂದರು ಗುರುಗಳು.

ಚನ್ನಮಲ್ಲ ಬುಧವಾರ ಬೆಳಿಗ್ಗೆ ಧ್ಯಾನಕ್ಕೆ ಕುಳಿತ. ಮೂಗು ಕೆರೆದುಕೊಂಡ.