ಬಂಡೂರಾಯರ ಗೇಜು

ಬೆಳಗಾವಿ ಕಡೆಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಬಂಡೂರಾಯರೆಂಬ ತಪಾಸಣೆಗಾರರಿದ್ದರು. ಆಗಿನ ಕಾಲವೇ ಬೇರೆ. ಮಧ್ಯಾಹ್ನದ ಭೋಂಗಾ ಕೂಗಿತೆಂದರೆ ಸಾಹೇಬ, ಕೂಲಿ ಎನ್ನದೆ ಎಲ್ಲರೂ ಬೇವಿನ ಮರದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಬ್ಬರ ರೊಟ್ಟಿಗೆ ಇನ್ನೊಬ್ಬರ ಶೇಂಗಾ ಹಿಂಡಿ. ಅಂಥ ಊಟ ಈಗ ಯಾವ ಕ್ಯಾಂಟೀನಿನಲ್ಲಿ ಸಿಗಬೇಕು!

ರಾಯರ ಬಳಿ ಹೆಬ್ಬೆರಳು ಗಾತ್ರದ ಒಂದು ಉಕ್ಕಿನ ಗೇಜು ಇತ್ತು. ಪಂಪಿನ ಶಾಫ್ಟ್ ತಿರುಗುವ ಬುಶ್ ಎಂಬ ಲೋಹದ ಬಳೆಯ ತೂತಿಗೆ ಅದನ್ನು ಹಾಕಿ ನೋಡುವುದು. ಸಲೀಸಾಗಿ ಒಳಗೆ ಹೋದರೆ ಬುಶ್ ಪಾಸು. ತಡೆದರೆ ತೂತು ಸಣ್ಣದು, ವಾಪಸ್ಸು. ಕೆಲಸ ಕಲಿಸಿದ ಇನಾಮದಾರ ಮಾಸ್ತರರು ನಿವೃತ್ತರಾದ ದಿನ ಕೈಯಾರೆ ಕೊಟ್ಟ ಗೇಜು ಅದು. ರಾಯರು ದಿನಾ ಅದನ್ನು ಕಣ್ಣಿಗೊತ್ತಿಕೊಂಡೇ ಕೆಲಸ ಶುರು ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಗೇಜನ್ನೂ ಅಳೆದು ನೋಡಬೇಕೆಂಬ ನಿಯಮವಿತ್ತು. ಗುರುಗಳು ಕೊಟ್ಟದ್ದನ್ನು ಪರೀಕ್ಷೆ ಮಾಡುವುದೇ? ರಾಯರಿಗೆ ಮನಸ್ಸು ಬರಲಿಲ್ಲ. ಹಾಗೇ ಇಪ್ಪತ್ತು ವರ್ಷ ಕಳೆಯಿತು.

ಒಂದು ಬೆಳಿಗ್ಗೆ, ಜೋಡಿಸಿದ ಪಂಪುಗಳೆಲ್ಲ ತಿರುಗದೆ ಬಿಗಿದುಕೊಂಡವು. ಬುಶ್ ರಾಯರ ಕೈಯಲ್ಲಿ ಪಾಸಾಗಿದೆ ಎಂದ ಮೇಲೆ ತಪ್ಪು ಶಾಫ್ಟಿನದೇ. ಅದನ್ನು ಲೇತಿನಲ್ಲಿ ಕಡೆದವನು ಮೌನೇಶ ಬಡಿಗೇರ.

"ನಾ ಅಳದ ನೋಡೀನ್ರೀ ರಾಯರ, ಶಾಫ್ಟ್ ಸರಿ ಐತಿ," ಎಂದ ಮೌನೇಶ.

"ಹಂಗಾದ್ರ ನನ್ನ ಗೇಜು ಸುಳ್ಳು ಹೇಳತದೇನು?"

ಮ್ಯಾನೇಜರು ರಾಯರ ಮಾತನ್ನೇ ನಂಬಿ, ಮೌನೇಶನಿಗೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದುಬಿಟ್ಟರು.

ರಾಯರಿಗೆ ಯಾಕೋ ಸಮಾಧಾನವಾಗಲಿಲ್ಲ. ಹದಿನೈದು ವರ್ಷದಲ್ಲಿ ಮೌನೇಶನ ಕೈ ಒಮ್ಮೆಯೂ ತಪ್ಪಿದ್ದಿಲ್ಲ. ಒಂದು ಶಾಫ್ಟ್ ತಂದು ಮೈಕ್ರೋಮೀಟರಿನಲ್ಲಿ ಅಳೆದರು. ಸರಿಯಾಗಿತ್ತು. ಆಮೇಲೆ ಗೇಜನ್ನೂ ಅಳೆದರು. ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಅದು ಕೂದಲೆಳೆಯಷ್ಟು ಸವೆದಿತ್ತು. ಸಣ್ಣ ತೂತಿನೊಳಗೂ ಸಲೀಸಾಗಿ ನುಗ್ಗುತ್ತಿತ್ತು.

ಸ್ಟೋರಿನಲ್ಲಿ ಹೊಸ ಗೇಜು ಇತ್ತು. ಸುಮ್ಮನೆ ಬದಲಾಯಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾಯರ ಮರ್ಯಾದೆ ಉಳಿಯುತ್ತಿತ್ತು, ಮೌನೇಶನ ಅನ್ನ ಹೋಗುತ್ತಿತ್ತು. ಸುಳ್ಳೇಕೆ, ರಾಯರು ಸ್ಟೋರಿನ ಬಾಗಿಲ ತನಕ ಹೋದರು ಕೂಡ. ಅಷ್ಟರಲ್ಲಿ ಭೋಂಗಾ ಕೂಗಿತು. ಇನ್ನು ಮೌನೇಶನ ಪಕ್ಕ ಕೂತು ಅವನ ರೊಟ್ಟಿ ಹೇಗೆ ಮುರಿಯುವುದು?

ಮರದ ಕೆಳಗೆ ಎಲ್ಲರೂ ಸೇರಿದ್ದರು. ಮೌನೇಶ ಮಾತ್ರ ಬುತ್ತಿ ಬಿಚ್ಚದೆ ಕೂತಿದ್ದ. ರಾಯರು ನಿಂತೇ ಹೇಳಿದರು:

"ಸಾಹೇಬ್ರ, ಶಾಫ್ಟ್ ಸರಿ ಅದ. ಸವದದ್ದು ನನ್ನ ಗೇಜು. ಗುರುಗಳದ್ದು ಅಂತ ನಾ ಅಳದ ನೋಡಲೇ ಇಲ್ಲ. ತಪ್ಪು ನಂದು. ಮೌನೇಶನ್ನ ಕಳಸಬ್ಯಾಡ್ರಿ."

ಮ್ಯಾನೇಜರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ರಾಯರು ಗೇಜನ್ನು ಗುಜರಿ ಡಬ್ಬಿಗೆ ಹಾಕಿ ಕಣ್ಣೊರೆಸಿಕೊಂಡರು. ಮೌನೇಶ ಎದ್ದು ಹೋಗಿ, ಅದನ್ನು ಹೆಕ್ಕಿ, ಅಂಗಿಗೆ ಒರೆಸಿ ಅವರ ಕೈಗಿಟ್ಟ.

"ಗುರುಗಳ ನೆನಪೈತ್ರಿ, ಮನ್ಯಾಗ ಇಟ್ಕೋರಿ. ಕೆಲಸಕ್ಕ ಮಾತ್ರ ಹೊಸಾದು ತಗೋರಿ."

ನೀತಿ: ಇನ್ನೊಬ್ಬರ ತಪ್ಪು ಅಳೆಯುವ ಮೊದಲು ನಮ್ಮ ಅಳತೆಯನ್ನೇ ಅಳೆದು ನೋಡಬೇಕು. ಹಿರಿಯರು ಕೊಟ್ಟದ್ದರ ಮೇಲೆ ಪ್ರೀತಿ ಇರಲಿ, ಆದರೆ ಆ ಪ್ರೀತಿಗಾಗಿ ಇನ್ನೊಬ್ಬರಿಗೆ ಅನ್ಯಾಯವಾಗಬಾರದು.